ಪ್ರಜ್ಞೆ ಇಲ್ಲದ ಅಪ್ಪನ ಬಾಯಿ ಕ್ಲೀನ್ ಮಾಡುವುದು ಹೇಗೆ? ನೀರು ಹಾಕಬಹುದಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಮೆದುಳಲ್ಲಿ ರಕ್ತಸ್ರಾವ ಆಗಿತ್ತು. ಐಸಿಯು, ವಾರ್ಡು ಎಲ್ಲ ಮುಗಿದು ಈಗ ದಾವಣಗೆರೆಯ ಮನೆಯಲ್ಲಿದ್ದಾರೆ. ಕಣ್ಣು ಬಿಡುತ್ತಾರೆ, ಆದರೆ ಯಾರ ಗುರುತೂ ಇಲ್ಲ, ಕರೆದರೆ ತಿರುಗುವುದಿಲ್ಲ. ಮೂಗಲ್ಲಿ ರೈಲ್ಸ್ ಟ್ಯೂಬ್ ಇದೆ. ರಾಗಿ ಗಂಜಿ, ಹಾಲು, ಪುಡಿ ಮಾಡಿದ ಮಾತ್ರೆ ಎಲ್ಲ ಅದರಲ್ಲೇ ಹೋಗುತ್ತದೆ. ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುವುದು, ಟ್ಯೂಬಲ್ಲಿ ಊಟ ಕೊಡುವುದು ಎಲ್ಲ ಆಸ್ಪತ್ರೆಯಲ್ಲಿ ಹೇಳಿಕೊಟ್ಟರು. ಬಾಯಿ ಬಗ್ಗೆ ಮಾತ್ರ ಡಿಸ್ಚಾರ್ಜ್ ಕಾಗದದಲ್ಲಿ ‘ಓರಲ್ ಕೇರ್’ ಅಂತ ಎರಡು ಪದ ಇದೆ, ಅಷ್ಟೇ.

ಈಗ ಬಾಯಿಂದ ತುಂಬಾ ವಾಸನೆ. ನಾಲಿಗೆ ಒಣಗಿ ಮಂದವಾಗಿದೆ. ಟಾರ್ಚ್ ಹಾಕಿ ನೋಡಿದರೆ ಅಂಗುಳಿನಲ್ಲಿ ಕಂದು ಬಣ್ಣದ ಚಕ್ಕೆ ಥರ ಏನೋ ಅಂಟಿಕೊಂಡಿದೆ. ಮನೆಗೆ ಬರುವ ಹೋಮ್ ನರ್ಸ್ ಅಕ್ಕ ತಲೆ ಎತ್ತಿ ಹಿಡಿದು, ಲೋಟದಿಂದ ಸ್ವಲ್ಪ ನೀರು ಬಾಯಿಗೆ ಬಿಟ್ಟು, ಬಟ್ಟೆ ಸುತ್ತಿದ ಬೆರಳಲ್ಲಿ ಉಜ್ಜುತ್ತಾರೆ. ಆಗ ಅಪ್ಪನ ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ನನಗೆ ಭಯ. ತಮ್ಮ ಹೇಳುತ್ತಾನೆ, ಬಾಯಲ್ಲಿ ಏನೂ ತಿನ್ನುತ್ತಿಲ್ಲವಲ್ಲ, ದಿನಾ ತೊಳೆಯುವುದು ಯಾಕೆ ಅಂತ. ಅತ್ತೆ ಜೇನು ಸವರು ಅನ್ನುತ್ತಾರೆ. ಸರಿಯಾದ ಕ್ರಮ ಗೊತ್ತಿರುವವರು ದಯವಿಟ್ಟು ಹೇಳಿ.

ಕುಡ್ಲ_ಸಿಸ್ಟರ್:
ಮೊದಲು ಒಂದು ಮಾತು, ಉಳಿದದ್ದು ಆಮೇಲೆ. ಇವತ್ತಿನಿಂದಲೇ ಬಾಯಿಗೆ ನೀರು ಬಿಡುವುದು ನಿಲ್ಲಿಸಿ. ಒಂದು ಚಮಚ ಕೂಡ ಬೇಡ. ಆ ಗೊರಗೊರ ಸದ್ದು ಬರುವುದು ನೀರೋ ಎಂಜಲೋ ಶ್ವಾಸನಾಳದ ಬಾಯಲ್ಲಿ ನಿಂತಾಗ. ನಮಗೆ ಒಂದು ಹನಿ ಅಡ್ಡದಾರಿ ಹಿಡಿದರೂ ಕೆಮ್ಮಿ ಕೆಮ್ಮಿ ಹೊರಗೆ ಹಾಕುತ್ತೇವೆ. ನಿಮ್ಮ ತಂದೆಗೆ ಆ ಕೆಮ್ಮು ಬರುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ.

ಡ್ಯೂಟಿ ಮುಗಿಸಿ ರಾತ್ರಿ ವಿವರವಾಗಿ ಬರೆಯುತ್ತೇನೆ.

ಹಲ್ಲಿನ_ಡಾಕ್ಟ್ರು_ಹುಬ್ಬಳ್ಳಿ:
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ತಮ್ಮನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕಂದ್ರೆ ಇದು ಎಷ್ಟೋ ಮನೆಗಳಲ್ಲಿ ಇರುವ ತಪ್ಪು ತಿಳುವಳಿಕೆ.

ತಿನ್ನದ ಬಾಯಿ ತಿನ್ನುವ ಬಾಯಿಗಿಂತ ಬೇಗ ಕೊಳಕಾಗುತ್ತದೆ ರೀ. ನಾವು ಅಗಿಯುವಾಗ, ಮಾತಾಡುವಾಗ, ನುಂಗುವಾಗ ಎಂಜಲು ಓಡಾಡಿ ಬಾಯಿಯನ್ನು ತಾನೇ ತೊಳೆಯುತ್ತಾ ಇರುತ್ತದೆ. ಇವರಲ್ಲಿ ಅದು ಯಾವುದೂ ಇಲ್ಲ. ಬಾಯಿ ತೆರೆದೇ ಇರುತ್ತದೆ, ಉಸಿರಾಡಿ ಉಸಿರಾಡಿ ಒಣಗುತ್ತದೆ. ಹಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಆಸ್ಪತ್ರೆಯಲ್ಲಿದ್ದು ಬಂದವರಾದರೆ ಆ ಪಾಚಿಯಲ್ಲಿ ನ್ಯುಮೋನಿಯಾ ತರುವಂಥ ಕ್ರಿಮಿಗಳೂ ಸೇರಿಕೊಂಡಿರಬಹುದು. ಅದೇ ಎಂಜಲು ನಿದ್ದೆಯಲ್ಲಿ, ಮಗ್ಗುಲಾಗುವಾಗ, ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಲ್ಲಿ ಟ್ಯೂಬ್ ಇದೆ, ಹಾಗಾಗಿ ಬಾಯಿಂದ ಏನೂ ಒಳಗೆ ಹೋಗಲ್ಲ ಅಂದುಕೊಳ್ಳಬೇಡಿ. ಊಟ ಹೋಗದಿದ್ದರೂ ಎಂಜಲು ಹೋಗುತ್ತದೆ.

ಜಪಾನಿನಲ್ಲಿ 11 ವೃದ್ಧರ ಆರೈಕೆ ಕೇಂದ್ರಗಳಲ್ಲಿ 2 ವರ್ಷ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಪ್ರತಿ ಊಟದ ನಂತರ ಸಿಬ್ಬಂದಿಯೇ ಹಲ್ಲುಜ್ಜಿದ ಗುಂಪಿನಲ್ಲಿ 100ಕ್ಕೆ 11 ಜನಕ್ಕೆ ನ್ಯುಮೋನಿಯಾ ಬಂತು. ಹಾಗೆ ಮಾಡದ ಗುಂಪಿನಲ್ಲಿ 19. ಅವರೆಲ್ಲ ಪ್ರಜ್ಞೆ ತಪ್ಪಿದವರಲ್ಲ, ನಿಜ. ಆದರೆ ಬಾಯಿಗೂ ಶ್ವಾಸಕೋಶಕ್ಕೂ ಇರುವ ನಂಟು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಕೆಲಸ ಮಾಡಿದ್ದು ಯಾವ ದುಬಾರಿ ಔಷಧಿಯೂ ಅಲ್ಲ, ಬ್ರಷ್ಷು.

ಕುಡ್ಲ_ಸಿಸ್ಟರ್:
ಬಂದೆ. ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ. ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದು ಆ ಅಕ್ಕನಿಗೂ ತೋರಿಸಿ.

ಸಮಯ ಮೊದಲು. ಟ್ಯೂಬಲ್ಲಿ ಊಟ ಕೊಡುವ ಮುಂಚೆ ಬಾಯಿ ಕ್ಲೀನ್ ಮಾಡಿಬಿಡಿ. ಊಟ ಆಗಿಹೋಗಿದ್ದರೆ ಕಡಿಮೆ ಅಂದರೂ ಒಂದು ಗಂಟೆ ಬಿಡಿ. ಹೊಟ್ಟೆ ತುಂಬಿರುವಾಗ ಬ್ರಷ್ಷು ನಾಲಿಗೆಯ ಹಿಂಭಾಗಕ್ಕೆ ತಾಗಿದರೆ ವಾಂತಿ ಆಗಬಹುದು. ಇಂಥವರಿಗೆ ವಾಂತಿ ತುಂಬಾ ಅಪಾಯ.

ಮಲಗಿಸುವ ರೀತಿಯೇ ಅರ್ಧ ಕೆಲಸ. ಪೂರ್ತಿ ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಮುಖವನ್ನು ಸ್ವಲ್ಪ ಕೆಳಮುಖವಾಗಿ ಬಾಗಿಸಿ. ಬಾಯಲ್ಲಿ ಏನಿದ್ದರೂ ತಾನಾಗಿ ಕೆನ್ನೆಯ ಕಡೆಯಿಂದ ಹೊರಗೆ ಹರಿಯಬೇಕು, ಗಂಟಲ ಕಡೆಗೆ ಹೋಗಬಾರದು. ಪೂರ್ತಿ ತಿರುಗಿಸಲು ಆಗದಿದ್ದರೆ ಮಂಚದ ತಲೆಭಾಗ 30 ಡಿಗ್ರಿಗಿಂತ ಮೇಲೆ ಏರಿಸಿ, ಮುಖ ಪಕ್ಕಕ್ಕೆ ತಿರುಗಿಸಿ. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಮಾತ್ರ ಎಂದಿಗೂ ಮಾಡಬೇಡಿ. ತಿರುಗಿಸುವಾಗ ಬಲ ಇಲ್ಲದ ಕಡೆಯ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಭುಜದ ಹಿಂದೆ ಮತ್ತು ಸೊಂಟಕ್ಕೆ ಕೈ ಕೊಟ್ಟು ತಿರುಗಿಸಿ. (ಬೇರೆ ಓದುಗರಿಗೆ: ಅಪಘಾತದಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದವರಾದರೆ ಡಾಕ್ಟರನ್ನು ಕೇಳದೆ ತಲೆ ತಿರುಗಿಸಲೇಬೇಡಿ.)

ಕೆನ್ನೆ ಕೆಳಗೆ ಒಂದು ಟವೆಲ್, ಅದರ ಮೇಲೆ ಕಿಡ್ನಿ ಟ್ರೇ. ಟ್ರೇ ಇಲ್ಲ ಅಂದರೆ ಒಂದು ಚಿಕ್ಕ ಬಟ್ಟಲು. ಕೈ ತೊಳೆದು ಗ್ಲೌಸ್ ಹಾಕಿ. ಮಕ್ಕಳ ಬ್ರಷ್ಷು, ಅತಿ ಮೆತ್ತನೆಯದು, ತಲೆ ಚಿಕ್ಕದಿರುವುದು ತಗೊಳ್ಳಿ. ಪೇಸ್ಟ್ ಬೇಡ ಅಂದರೂ ನಡೆಯುತ್ತದೆ. ಹಾಕಲೇಬೇಕು ಅಂದರೆ ಅಕ್ಕಿಕಾಳಿನಷ್ಟು, ಅದೂ ನೊರೆ ಬಾರದ್ದು. ನೊರೆಯನ್ನು ಉಗಿಯಲು ಅವರಿಗೆ ಆಗಲ್ಲ ಅಲ್ವಾ.

ಬ್ರಷ್ಷನ್ನು ನೀರಲ್ಲಿ ಅದ್ದಿ, ಟವೆಲ್ ಮೇಲೆ ಒತ್ತಿ ನೀರು ತೆಗೆದುಬಿಡಿ. ಒದ್ದೆ ಇರಬೇಕು, ಹನಿ ಬೀಳಬಾರದು. ಅಪ್ಪಾ, ಬಾಯಿ ಕ್ಲೀನ್ ಮಾಡ್ತೀನಿ, ಸ್ವಲ್ಪ ತಣ್ಣಗಾಗುತ್ತೆ ಅಂತ ಹೇಳಿಯೇ ಶುರು ಮಾಡಿ. ಅವರಿಗೆ ಎಷ್ಟು ಕೇಳಿಸುತ್ತದೋ ನಮಗೆ ಗೊತ್ತಾಗುವುದಿಲ್ಲ, ಆದರೆ ಹೇಳದೆ ಬಾಯಿಗೆ ಕೈ ಹಾಕುವುದು ಸರಿಯಲ್ಲ. ಮೊದಲು ತುಟಿ ಒದ್ದೆ ಮಾಡಿ. ಆಮೇಲೆ ಹಲ್ಲಿನ ಹೊರಬದಿ, ವಸಡು ಸೇರುವ ಗೆರೆ, ಒಳಬದಿ, ಕೊನೆಗೆ ನಾಲಿಗೆ. ನಾಲಿಗೆಯಲ್ಲಿ ಮುಂದಿನ ಭಾಗ ಸಾಕು, ತೀರಾ ಹಿಂದಕ್ಕೆ ಹೋಗಬೇಡಿ. ನಾಲ್ಕೈದು ಸಲ ಉಜ್ಜಿದ ಕೂಡಲೇ ನಿಲ್ಲಿಸಿ, ಕೆನ್ನೆ ಒಳಗೆ ಸೇರಿದ್ದನ್ನು ಗಾಜ್ ಬಟ್ಟೆಯಲ್ಲಿ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಒರೆಸಿ, ಇಲ್ಲವೇ ಸಕ್ಷನ್ ಮಷೀನಲ್ಲಿ ಹೊರಗೆ ಎಳೆಸಿ. ಬ್ರಷ್ಷು ತೊಳೆದು, ಒತ್ತಿ, ಮತ್ತೆ. ಬಲ ಇಲ್ಲದ ಕಡೆಯ ಕೆನ್ನೆಯ ಒಳಗೆ ಕಫ, ಕಸ ಜಾಸ್ತಿ ಸೇರಿರುತ್ತದೆ, ಅಲ್ಲಿ ಟಾರ್ಚ್ ಹಾಕಿ ನೋಡಲೇಬೇಕು. ಗಾಜ್ ಎಷ್ಟು ತುಂಡು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಅನ್ನುವ ಲೆಕ್ಕವೂ ಇರಲಿ.

ಅಂಗುಳಿನ ಕಂದು ಚಕ್ಕೆ ಅಂದರಲ್ಲ, ಅದು ಒಣಗಿ ಗಟ್ಟಿಯಾದ ಕಫ, ಎಂಜಲು. ಉಗುರಿಂದ ಕೀಳಬೇಡಿ, ಕೆಳಗಿನ ಚರ್ಮ ಕಿತ್ತು ಬಂದು ರಕ್ತ ಸೋರುತ್ತದೆ. ಒದ್ದೆ ಗಾಜ್ ಬಟ್ಟೆಯನ್ನು ಅದರ ಮೇಲೆ ಒತ್ತಿ ಹಿಡಿದು ಮೆತ್ತಗಾಗಲು ಬಿಡಿ, ಆಮೇಲೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಸವರಿ ತೆಗೆಯಿರಿ. ಒಂದೇ ದಿನಕ್ಕೆ ಪೂರ್ತಿ ಬರದಿದ್ದರೆ ನಾಳೆ. ಸಡಿಲವಾದ ತುಂಡನ್ನು ಮಾತ್ರ ಬಿಟ್ಟು ಏಳಬೇಡಿ, ಅದು ಗಂಟಲಿಗೆ ಬಿದ್ದರೆ ಉಸಿರು ಕಟ್ಟಬಹುದು.

ದಿನಕ್ಕೆ ಎರಡು ಸಲ ಬ್ರಷ್ಷು. ನಡುನಡುವೆ ಎರಡರಿಂದ ನಾಲ್ಕು ಗಂಟೆಗೊಮ್ಮೆ ತುಟಿ, ನಾಲಿಗೆ ಒದ್ದೆ ಮಾಡುವುದು. ನಿಮ್ಮ ಊರಿನ ಬಿಸಿಲಿಗೆ ಫ್ಯಾನ್ ಬೇಕೇ ಬೇಕು, ಆದರೆ ಗಾಳಿ ನೇರ ಮುಖಕ್ಕೆ ಹೊಡೆಯದ ಹಾಗೆ ಮಂಚ ಸರಿಸಿ.

ತುಂಗಾತೀರ:
ಸಿಸ್ಟರ್, ನಮ್ಮ ಅತ್ತೆಯವರಿಗೂ ಇದೇ ಸ್ಥಿತಿ. ಬಾಯಿ ತೆರೆಯುವುದೇ ಇಲ್ಲ, ಹಲ್ಲು ಕಚ್ಚಿ ಹಿಡಿಯುತ್ತಾರೆ. ನಮ್ಮ ಮನೆಯವರು ಸ್ಟೀಲ್ ಚಮಚ ತೂರಿಸಿ ತೆರೆಯಲು ನೋಡುತ್ತಾರೆ. ನನಗೆ ನೋಡಲಾಗಲ್ಲ.

ಕುಡ್ಲ_ಸಿಸ್ಟರ್:
ಚಮಚ ಬೇಡವೇ ಬೇಡ. ಹಲ್ಲು ಮುರಿದರೆ ಆ ಚೂರು ನೇರ ಶ್ವಾಸನಾಳಕ್ಕೆ ಹೋಗಬಹುದು. ಬೆರಳನ್ನೂ ಹಲ್ಲಿನ ಮಧ್ಯೆ ಇಡಬೇಡಿ. ಅವರು ಬೇಕಂತ ಕಚ್ಚುವುದಲ್ಲ, ಏನಾದರೂ ತಾಗಿದರೆ ದವಡೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ಹಿಡಿತದಿಂದ ಬೆರಳು ಬಿಡಿಸಿಕೊಳ್ಳುವುದು ತುಂಬಾ ಕಷ್ಟ.

ಕಿವಿಯ ಮುಂದೆ ದವಡೆ ಸೇರುವ ಜಾಗದಲ್ಲಿ ಮೆಲ್ಲಗೆ ತೀಡಿ. ಒಂದೆರಡು ನಿಮಿಷಕ್ಕೆ ಸಡಿಲ ಆಗಬಹುದು. ಗದ್ದವನ್ನು ಕೆಳಕ್ಕೆ ಹಗುರಾಗಿ ಒತ್ತಿ ನೋಡಿ. ಆಗಲೂ ತೆರೆಯದಿದ್ದರೆ ಬಲವಂತ ಮಾಡಬೇಡಿ. ಕೆನ್ನೆಗೂ ಹಲ್ಲಿಗೂ ಮಧ್ಯೆ ಬ್ರಷ್ಷು ಜಾರಿಸಿ ಹೊರಬದಿ ಪೂರ್ತಿ ಉಜ್ಜಿ. ಬಾಯಿ ಮುಚ್ಚಿದ್ದರೂ ಅಷ್ಟು ಸಾಧ್ಯ, ಅಷ್ಟಾದರೂ ದೊಡ್ಡ ಕೆಲಸವೇ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ. ದವಡೆ ತೆರೆದು ಹಿಡಿಯುವ ಸಾಧನ ಸಿಗುತ್ತದೆ. ಆದರೆ ಅದನ್ನು ನರ್ಸ್ ಅಥವಾ ಡಾಕ್ಟರ್ ಕೈಯಲ್ಲಿ ಕಲಿತೇ ಬಳಸಬೇಕು, ಅದರಲ್ಲೂ ಫಿಟ್ಸ್ ಇರುವವರಿಗೆ.

ಚಾಮುಂಡಿ_ತಪ್ಪಲು:
ನಾನು ಮೈಸೂರಿನಲ್ಲಿ ಮಾತು ಮತ್ತು ನುಂಗುವಿಕೆಯ ಥೆರಪಿಸ್ಟ್. ಒಂದು ವಿಷಯ ಸೇರಿಸಲೇಬೇಕು. ಮನೆಯವರು ಯಾವಾಗಲೂ ಹೇಳುವ ಮಾತು: ನೀರು ಕೊಟ್ಟೆವು, ಗುಟುಕರಿಸಿದರು, ಕೆಮ್ಮಲಿಲ್ಲ, ಹಾಗಾದರೆ ಸರಿಯಾಗಿ ಹೋಗಿದೆ. ಹಾಗೆ ತೀರ್ಮಾನ ಮಾಡಬೇಡಿ. ಮೆದುಳಿಗೆ ಪೆಟ್ಟಾದವರಲ್ಲಿ ನೀರು ಶ್ವಾಸನಾಳಕ್ಕೆ ಹೋದರೂ ಕೆಮ್ಮು ಬಾರದೇ ಇರಬಹುದು. ಸದ್ದೇ ಇಲ್ಲದೆ ಇಳಿಯುತ್ತದೆ. ಆಮೇಲೆ ಜ್ವರ, ಏದುಸಿರು ಬಂದಾಗಲೇ ಗೊತ್ತಾಗುವುದು. ಗಂಟಲ ಮೂಳೆ ಮೇಲೆ ಕೆಳಗೆ ಆಡಿತು ಅನ್ನುವುದೂ ಸಾಕ್ಷಿ ಅಲ್ಲ.

ಮುಂದೆ ಪ್ರಜ್ಞೆ ಬಂದು ಮಾತು ಅರ್ಥ ಆಗುವ ಹಂತಕ್ಕೆ ಬಂದರೆ, ಬಾಯಲ್ಲಿ ಮೊದಲ ಚಮಚ ಕೊಡುವ ಮುಂಚೆ ನುಂಗುವಿಕೆಯ ಪರೀಕ್ಷೆ ಮಾಡಿಸಿ. ನಮ್ಮ ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಮಾತಿನ ತೊಂದರೆ ಮಾತ್ರ ನೋಡುತ್ತಾರೆ ಅಂತ ಜನ ತಿಳಿದಿದ್ದಾರೆ. ನುಂಗುವ ತೊಂದರೆಗೂ ಅಲ್ಲಿ ಚಿಕಿತ್ಸೆ ಇದೆ. ಅಂದಹಾಗೆ, ಬಾಯಿ ಚೊಕ್ಕಟ ಇದ್ದರೆ ನಮ್ಮ ಕೆಲಸವೂ ಸುಲಭ. ಒಣ ಕಫ ಮೆತ್ತಿದ ನಾಲಿಗೆಗೆ ರುಚಿಯೂ ಗೊತ್ತಾಗಲ್ಲ, ಸ್ಪರ್ಶವೂ ಗೊತ್ತಾಗಲ್ಲ.

ಹಳೇಮೇಷ್ಟ್ರು:
ತಾವೆಲ್ಲ ತಿಳಿದವರು. ಆದರೂ ಒಂದು ಮಾತು ಕೇಳುತ್ತೇನೆ. ನಮ್ಮಲ್ಲಿ ಹಿರಿಯರು ಹೀಗೆ ಮಲಗಿದಾಗ ಬಂಧುಗಳು ಬಂದು ತುಳಸಿ ನೀರೋ, ತೀರ್ಥವೋ, ಎರಡು ಹನಿ ಬಾಯಿಗೆ ಬಿಡುತ್ತಾರೆ. ಅದನ್ನು ಬೇಡ ಅನ್ನುವುದು ಹೇಗೆ? ನನ್ನ ಅಣ್ಣನಿಗೆ ನಾನೇ ಬಿಟ್ಟಿದ್ದೇನೆ. ಬಾಯಿ ಒಣಗಿ ಮಲಗಿರುವವರನ್ನು ನೋಡಿಕೊಂಡು ಸುಮ್ಮನೆ ಕೂರಲು ಮನಸ್ಸು ಒಪ್ಪುವುದಿಲ್ಲ. ಜೇನು, ತುಪ್ಪ ಕೂಡ ಹಾಗೆಯೇ, ಪ್ರೀತಿಯಿಂದಲೇ ಕೊಡುವುದು.

ಕುಡ್ಲ_ಸಿಸ್ಟರ್:
ಮೇಷ್ಟ್ರೇ, ನೀವು ಕೇಳಿದ್ದು ಒಳ್ಳೆಯದಾಯಿತು. ಬೇಡ ಅಂತ ಬಂಧುಗಳ ಮನಸ್ಸು ನೋಯಿಸಬೇಕಾಗಿಲ್ಲ. ವಾರ್ಡಲ್ಲಿ ನಾವು ಮಾಡುವುದು ಹೀಗೆ. ಒಂದು ಗಾಜ್ ತುಂಡನ್ನು ತೀರ್ಥದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬಂದವರ ಕೈಗೇ ಕೊಡುತ್ತೇವೆ. ಅವರೇ ತುಟಿಗೆ ಸವರಲಿ. ತುಟಿ ತಂಪಾಗುತ್ತದೆ, ಅವರ ಮನಸ್ಸಿಗೂ ಸಮಾಧಾನ, ಗಂಟಲಿಗೆ ಒಂದು ಹನಿಯೂ ಇಳಿಯುವುದಿಲ್ಲ. ಎಳನೀರು ತಂದವರಿಗೂ ಇದನ್ನೇ ಹೇಳಿ.

ಜೇನು ಅಂಟು ಅಂಟಾಗಿ ಹಲ್ಲಿಗೆ, ಅಂಗುಳಿಗೆ ಮೆತ್ತಿಕೊಳ್ಳುತ್ತದೆ, ಸಕ್ಕರೆ ಬೇರೆ. ತುಪ್ಪ, ಎಣ್ಣೆ ಬಾಯೊಳಗೆ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಬರುವ ನ್ಯುಮೋನಿಯಾ ಬೇರೆಯೇ ಥರ, ವಾಸಿಯಾಗುವುದು ನಿಧಾನ. ತುಟಿಯ ಹೊರಗೆ ತೆಳ್ಳಗೆ ಸವರುವುದಾದರೆ ತೊಂದರೆ ಇಲ್ಲ. ಆಕ್ಸಿಜನ್ ಹಾಕಿದ್ದರೆ ಮಾತ್ರ ತುಟಿಗೂ ಎಣ್ಣೆ, ತುಪ್ಪ, ವ್ಯಾಸಲೀನ್ ಬೇಡ, ಆಕ್ಸಿಜನ್ ಹತ್ತಿರ ಜಿಡ್ಡು ಇದ್ದರೆ ಬೆಂಕಿಯ ಅಪಾಯ. ನೀರಿನ ಆಧಾರದ ಲಿಪ್ ಜೆಲ್ ಕೇಳಿ ತಗೊಳ್ಳಿ.

ಹಳೇಮೇಷ್ಟ್ರು:
ಗಾಜ್ ಬಟ್ಟೆಯ ಉಪಾಯ ಬಹಳ ಚೆನ್ನಾಗಿದೆ ತಾಯಿ. ಇದನ್ನು ನಮ್ಮ ಮನೆತನದ ಗುಂಪಿನಲ್ಲೂ ಹಾಕುತ್ತೇನೆ.

ಲೀಡ್ಸ್_ಕನ್ನಡತಿ:
ನಾನು ಇಂಗ್ಲೆಂಡಿನಲ್ಲಿ ನರ್ಸ್. ಕಡ್ಡಿ ತುದಿಗೆ ಬಣ್ಣದ ಸ್ಪಂಜು ಇರುವ ಸ್ವಾಬ್‌ಗಳು ಈಗ ಭಾರತದಲ್ಲಿ ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ, ನನ್ನ ತಂಗಿಯೂ ತರಿಸಿದ್ದಳು. ಅವು ಹಲ್ಲಿನ ಪಾಚಿ ತೆಗೆಯುವುದಿಲ್ಲ, ಬಾಯಿ ಒದ್ದೆ ಮಾಡುತ್ತವೆ ಅಷ್ಟೇ. ಸ್ಪಂಜು ಕಡ್ಡಿಯಿಂದ ಕಳಚಿ ಬಾಯೊಳಗೇ ಉಳಿಯುವ ಅಪಾಯ ಇದೆ ಅಂತ ಬ್ರಿಟನ್ನಿನ ಔಷಧ ಮತ್ತು ಸಾಧನ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕಚ್ಚುವ ರೋಗಿಗಂತೂ ಬೇಡವೇ ಬೇಡ. ನೀರಲ್ಲಿ ಹಾಗೇ ನೆನೆಯಲು ಇಡುವುದಂತೂ ಇನ್ನೂ ಕೆಟ್ಟದ್ದು, ಅಂಟು ಬಿಟ್ಟುಕೊಳ್ಳುತ್ತದೆ. ಮಕ್ಕಳ ಬ್ರಷ್ಷು ಇದಕ್ಕಿಂತ ಅಗ್ಗ, ಇದಕ್ಕಿಂತ ಒಳ್ಳೆಯದು.

ನಿಂಬೆ ಮತ್ತು ಗ್ಲಿಸರಿನ್ ಸೇರಿಸಿದ ಸ್ವಾಬ್ ಕೂಡ ಹಳೇ ಪದ್ಧತಿ. ಹಚ್ಚಿದ ಕೂಡಲೇ ಹಸಿಯಾಗಿ ಕಾಣುತ್ತದೆ, ಆಮೇಲೆ ಇನ್ನೂ ಒಣಗಿಸುತ್ತದೆ. ಹುಳಿ ಹಲ್ಲಿನ ಮೇಲ್ಪದರ ತಿನ್ನುತ್ತದೆ.

ಬೆಣ್ಣೆನಗರಿ:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಮಗ್ಗುಲಿಗೆ ಮಲಗಿಸಿ ಒತ್ತಿದ ಬ್ರಷ್ಷಲ್ಲಿ ಮಾಡಿದೆವು. ಗೊರಗೊರ ಬರಲಿಲ್ಲ. ಚಕ್ಕೆ ಅರ್ಧ ಬಂತು. ಹೋಮ್ ನರ್ಸ್ ಅಕ್ಕನಿಗೆ ಹೇಗೆ ಹೇಳುವುದು ಅಂತ ಅಳುಕಿತ್ತು, ವರ್ಷಗಟ್ಟಲೆ ಹೀಗೇ ಮಾಡಿದ್ದೀನಿ ಅಂದರು. ಥೆರಪಿಸ್ಟ್ ಮೇಡಂ ಬರೆದದ್ದನ್ನು, ಕೆಮ್ಮದೇ ಇದ್ದರೂ ಇಳಿಯುತ್ತದೆ ಅನ್ನುವುದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಯಾರೂ ಇದನ್ನು ಕಲಿಸಲಿಲ್ಲ ಮೇಡಂ ಅಂದರು. ಸಂಜೆ ಅವರೇ ಟವೆಲ್ ಹಾಸಿ ಸಿದ್ಧ ಮಾಡಿದ್ದರು.

ಇನ್ನೆರಡು ಪ್ರಶ್ನೆ. ಮೆಡಿಕಲ್ ಶಾಪಿನವರು ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ಮೌತ್ ವಾಶ್ ಕೊಟ್ಟು ದಿನಾ ಹಾಕಿ ಅಂದರು. ಹಾಕಬಹುದಾ? ಮತ್ತೆ, ಸಕ್ಷನ್ ಮಷೀನ್ ಬೇಕೇ ಬೇಕಾ?

ಹಲ್ಲಿನ_ಡಾಕ್ಟ್ರು_ಹುಬ್ಬಳ್ಳಿ:
ಮೌತ್ ವಾಶ್ ಬಗ್ಗೆ ನಾನು ಹೇಳುತ್ತೇನೆ. ವರ್ಷಾನುಗಟ್ಟಲೆ ಎಲ್ಲ ಐಸಿಯುಗಳಲ್ಲಿ ಅದೇ ದೊಡ್ಡ ಅಸ್ತ್ರ ಆಗಿತ್ತು. ಈಗ ಅಭಿಪ್ರಾಯ ಬದಲಾಗಿದೆ. ಅಮೆರಿಕದ ಸೋಂಕು ನಿಯಂತ್ರಣ ಸಂಘಗಳು 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ವೆಂಟಿಲೇಟರ್ ರೋಗಿಗಳಿಗೆ ಹಲ್ಲುಜ್ಜುವುದು ಕಡ್ಡಾಯ, ಕ್ಲೋರ್‌ಹೆಕ್ಸಿಡಿನ್ ಬೇಡ ಅನ್ನುತ್ತದೆ. ಅದರಿಂದ ಲಾಭ ಸ್ಪಷ್ಟವಿಲ್ಲ, ಸಾವಿನ ಪ್ರಮಾಣ ಜಾಸ್ತಿ ಆಗಬಹುದು ಅನ್ನುವ ಸಂಶಯವೂ ಕೆಲವು ಅಧ್ಯಯನಗಳಲ್ಲಿ ಬಂದಿದೆ. 2023ರ ಡಿಸೆಂಬರಲ್ಲಿ 15 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆ ಬಂತು. ಹಲ್ಲುಜ್ಜಿದವರಲ್ಲಿ ಆಸ್ಪತ್ರೆಯಲ್ಲಿ ತಗಲುವ ನ್ಯುಮೋನಿಯಾ ಕಡಿಮೆ, ಐಸಿಯುನಲ್ಲಿ ಸಾವೂ ಕಡಿಮೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಲಾಭ ಎದ್ದು ಕಂಡಿತು.

ನನ್ನ ಅಭಿಪ್ರಾಯ ಇಷ್ಟು: ವಸಡಿನ ತೊಂದರೆಗೆ ಡಾಕ್ಟರ್ ನೋಡಿ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ, ಗಾಜ್‌ಗೆ ತಾಗಿಸಿ ಬಳಸಿ. ಅಂಗಡಿಯವರು ಹೇಳಿದರು ಅಂತ ಬಾಯಿಗೆ ಸುರಿಯಬೇಡಿ. ಕುದಿಸಿ ಆರಿಸಿದ ನೀರು ಸಾಕು.

ಬಾಯಲ್ಲಿ ಬಿಳಿ ಮೊಸರಿನಂಥ ಪದರ ಕಂಡು, ಒರೆಸಿದರೆ ಕೆಳಗೆ ಕೆಂಪಗಿದ್ದರೆ ಅದು ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಲ್ಲಿ ವಸಡಿಂದ ಸ್ವಲ್ಪ ರಕ್ತ ಬರಬಹುದು. ಹಗುರ ಕೈಯಲ್ಲಿ ಮಾಡಿ, ಆದರೆ ನಿಲ್ಲಿಸಬೇಡಿ. ರಕ್ತ ನಿಲ್ಲದೆ ಸುರಿದರೆ ಮಾತ್ರ ಕೂಡಲೇ ತಿಳಿಸಿ. ಅಲುಗಾಡುವ ಹಲ್ಲು ಇದೆಯಾ ನೋಡಿ. ಇದ್ದರೆ ಮನೆಗೇ ಬರುವ ದಂತವೈದ್ಯರನ್ನು ಹುಡುಕಿ ತೆಗೆಸಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಈಗ ಬಾಯಲ್ಲಿ ಇರಲೇಬಾರದು. ತೊಳೆದು, ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ ಇಡಿ, ಹೆಸರು ಬರೆಯಿರಿ.

ಕುಡ್ಲ_ಸಿಸ್ಟರ್:
ಸಕ್ಷನ್ ಬಗ್ಗೆ. ನಿಮ್ಮ ತಂದೆಗೆ ಗೊರಗೊರ ಬರುತ್ತಿತ್ತು ಅಂದಿರಿ, ಹಾಗಾಗಿ ನಾನಾದರೆ ಇಟ್ಟುಕೊಳ್ಳುತ್ತೇನೆ. ದೊಡ್ಡ ಊರುಗಳಲ್ಲಿ ಸರ್ಜಿಕಲ್ ಅಂಗಡಿಯವರು ಬಾಡಿಗೆಗೂ ಕೊಡುತ್ತಾರೆ, ವಿಚಾರಿಸಿ. ಕರೆಂಟ್ ಹೋದರೆ ಏನು ಗತಿ ಅಂತ ಮೊದಲೇ ಯೋಚಿಸಿ. ಬ್ಯಾಟರಿ ಇರುವುದು ಸಿಗುತ್ತದೆ, ಕಾಲಲ್ಲಿ ತುಳಿಯುವ ಪಂಪೂ ಇದೆ. ಬಾಯಿಗೆ ಬೇಕಾದ್ದು ಬಾಗಿದ ಗಟ್ಟಿ ತುದಿ, ಯಾಂಕವರ್ ಅಂತ ಕೇಳಿ. ಅದನ್ನು ಕೆನ್ನೆಯ ಒಳಮಡಿಕೆಯಲ್ಲಿ, ಹಲ್ಲಿನ ಪಕ್ಕದಲ್ಲಿ ಆಡಿಸಬೇಕು. ಗಂಟಲ ಒಳಗೆ ತಳ್ಳಬಾರದು. ತಳ್ಳಿದರೆ ವಾಂತಿ ಬರುತ್ತದೆ, ಎದೆಬಡಿತವೂ ಏರುಪೇರಾಗಬಹುದು. ಬ್ರಷ್ಷು ಹಿಡಿಯುವ ಮುಂಚೆಯೇ ಆನ್ ಮಾಡಿ, ಒಂದು ಬಟ್ಟಲು ನೀರು ಎಳೆಸಿ, ಕೆಲಸ ಮಾಡುತ್ತಿದೆಯಾ ನೋಡಿ. ಎಷ್ಟು ಒತ್ತಡಕ್ಕೆ ಇಡಬೇಕು ಅನ್ನುವುದನ್ನು ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಕತ್ತಿನಲ್ಲಿ ಉಸಿರಾಟಕ್ಕೆ ಹಾಕಿದ ಟ್ರೇಕಿಯಾಸ್ಟಮಿ ಟ್ಯೂಬ್ ಇರುವವರ ಮನೆಯವರು ಗಮನಿಸಿ, ಬಾಯಿಗೆ ಹಾಕಿದ್ದನ್ನು ಮತ್ತೆ ಆ ಟ್ಯೂಬಿಗೆ ಹಾಕಲೇಬಾರದು.

ಮೊದಮೊದಲು ಇಬ್ಬರು ಇರಿ. ಒಬ್ಬರ ಕೈಯಲ್ಲಿ ಬ್ರಷ್ಷು, ಇನ್ನೊಬ್ಬರ ಕೈಯಲ್ಲಿ ಸಕ್ಷನ್ ಮತ್ತು ಟಾರ್ಚ್. ತಮ್ಮನನ್ನೇ ನಿಲ್ಲಿಸಿಕೊಳ್ಳಿ.

ಮಾಡುತ್ತಿರುವಾಗ ಕೆಮ್ಮು ಬಂದರೆ, ಉಸಿರು ಜೋರಾದರೆ, ತುಟಿ ನೀಲಿ ಆದರೆ, ಬೆರಳಿಗೆ ಹಾಕುವ ಮೀಟರಲ್ಲಿ ಆಕ್ಸಿಜನ್ ಇಳಿದರೆ, ಅಲ್ಲಿಗೇ ನಿಲ್ಲಿಸಿ. ಬ್ರಷ್ಷು ಹೊರಗೆ, ಮಗ್ಗುಲಿಗೆ ಇನ್ನಷ್ಟು ತಿರುಗಿಸಿ, ಬಾಯಲ್ಲಿ ಇರುವುದನ್ನು ಎಳೆಸಿ. ತಕ್ಷಣ ಸರಿಹೋಗದಿದ್ದರೆ 108. ಆಮೇಲೆ ಒಂದೆರಡು ದಿನ ಜ್ವರ, ಏದುಸಿರು, ಕಫದ ಬಣ್ಣ ನೋಡಿಕೊಳ್ಳಿ.

ತುಂಗಾತೀರ:
ದವಡೆ ತೀಡಿದ್ದು ಕೆಲಸ ಮಾಡಿತು ಸಿಸ್ಟರ್. ಪೂರ್ತಿ ತೆರೆಯಲಿಲ್ಲ, ಬ್ರಷ್ಷು ಹೋಗುವಷ್ಟು ತೆರೆಯಿತು. ಅತ್ತೆಯವರ ಮುಂದಿನ ಒಂದು ಹಲ್ಲು ಅಲುಗಾಡುತ್ತಿದೆ, ಇಲ್ಲಿ ಓದಿದ ಮೇಲೆಯೇ ಗಮನಿಸಿದ್ದು. ಶಿವಮೊಗ್ಗದಲ್ಲಿ ಮನೆಗೆ ಬಂದು ಹಲ್ಲು ತೆಗೆಯುವ ಡಾಕ್ಟರು ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ. ಅವರು ರಕ್ತ ತೆಳುವಾಗುವ ಮಾತ್ರೆಯಲ್ಲಿ ಇದ್ದಾರೆ.

ಹಲ್ಲಿನ_ಡಾಕ್ಟ್ರು_ಹುಬ್ಬಳ್ಳಿ:
ಪರಿಚಯದವರೊಬ್ಬರು ಇದ್ದಾರೆ, ಕೇಳಿ ಹೇಳುತ್ತೇನೆ. ಅಲ್ಲಿತನಕ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅದನ್ನು ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು. ಆ ಹಲ್ಲಿನ ಸುತ್ತ ಬ್ರಷ್ಷು ಬೇಡ, ಒದ್ದೆ ಗಾಜ್ ಬಟ್ಟೆಯಲ್ಲಿ ಒರೆಸಿ. ದಿನಾ ಬೆಳಿಗ್ಗೆ ಟಾರ್ಚ್ ಹಾಕಿ ಹಲ್ಲು ಅಲ್ಲೇ ಇದೆಯಾ ನೋಡಿ. ಒಂದು ವೇಳೆ ಕಾಣದಿದ್ದರೆ ಬಾಯಲ್ಲಿ, ಹಾಸಿಗೆಯಲ್ಲಿ ಹುಡುಕಿ. ಸಿಗಲಿಲ್ಲ ಅಂದರೆ ನುಂಗಿರಬೇಕು ಅಂತ ಬಿಡಬೇಡಿ, ಅದೇ ದಿನ ಎದೆಯ ಎಕ್ಸ್‌ರೇ ಮಾಡಿಸಿ.